ಆರು ಬಣ್ಣದ ಚೆಂಡುಗಳು

ಬಿ.ಎಡ್. ಪರೀಕ್ಷೆಯಲ್ಲಿ ಐದು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದ ಉತ್ತರವೊಂದು ಸುಮಾರು ನಲವತ್ತು ವರ್ಷಗಳ ನಂತರ ನಮ್ಮ ಮನೆಯೊಳಗೆ ಬಂದು ಕುಳಿತಿತು. "ಫ್ರೋಬೆಲನ ಮೊದಲನೆಯ ಉಡುಗೊರೆ ಯಾವುದು? ವಿವರಿಸಿ" ಎಂಬುದು ಆ ಪ್ರಶ್ನೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ (1782-1852) ಶಿಶುವಿಹಾರ ಪದ್ಧತಿಯ ಜನಕನೆಂದೂ, 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟನೆಂದೂ, ಮಕ್ಕಳ ಕೈಗೆ ಕೊಡಲು ಅವನು ರೂಪಿಸಿದ ಸಾಧನಗಳಿಗೆ 'ಉಡುಗೊರೆಗಳು' ಎಂದು ಕರೆದನೆಂದೂ ಬರೆದಿದ್ದೆ. ಮೊದಲನೆಯ ಉಡುಗೊರೆಯೆಂದರೆ ಉಣ್ಣೆಯ ದಾರದಿಂದ ಹೆಣೆದ ಆರು ಮೆತ್ತನೆಯ ಚೆಂಡುಗಳು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಅಂಕಗಳು ಬಂದವು, ಪದವಿಯೂ ಬಂತು. ಆದರೆ ಆ ಚೆಂಡು ಕೈಯಲ್ಲಿ ಹೇಗಿರುತ್ತದೆಂದು ನಮ್ಮ ತರಗತಿಯಲ್ಲಿ ಯಾರೂ ನೋಡಿರಲಿಲ್ಲ, ಪಾಠ ಹೇಳಿದವರೂ ತೋರಿಸಿರಲಿಲ್ಲ.

ಅದನ್ನು ನನ್ನ ಕೈಯಾರೆ ಹೆಣೆಯುವ ಸಂದರ್ಭ ಒದಗಿಸಿದವಳು ನನ್ನ ಮೊಮ್ಮಗಳು.

ಮಗಳು ಚೊಚ್ಚಲ ಹೆರಿಗೆಗೆಂದು ಕೊಟ್ಟೂರಿಗೆ ಬಂದಿದ್ದಳು. ಸೀಮಂತದ ಬಳೆ ಕೈಯಲ್ಲಿ ಹೊಸದಾಗಿರುವಾಗಲೇ, ಮೂವತ್ತನೆಯ ವಾರದಲ್ಲಿ, ಕೂಸು ಹುಟ್ಟಿಬಿಟ್ಟಿತು. ತೂಕ ಒಂದು ಕಿಲೋ ಮುನ್ನೂರು ಗ್ರಾಂ. ದೊಡ್ಡ ಊರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅದು ಐದು ವಾರ ಇತ್ತು. ಉಸಿರಾಟ ನಿಲ್ಲದಿರಲಿ, ಸೋಂಕು ತಗಲದಿರಲಿ ಎಂದು ದೇವರಿಗೆ ಮೊರೆಯಿಡುತ್ತಿದ್ದ ನಮಗೆ ಕಣ್ಣಿನ ಯೋಚನೆ ಬಂದಿರಲಿಲ್ಲ. ಇಪ್ಪತ್ತಾರನೆಯ ದಿನ ಕಣ್ಣಿನ ವೈದ್ಯರು ಬಂದು ಪರೀಕ್ಷಿಸಿ, "ಅಕ್ಷಿಪಟಲದ ತೊಂದರೆ ಇದೆ, ತಡಮಾಡುವ ಹಾಗಿಲ್ಲ" ಎಂದರು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಯರು. ಕೆಲವರು ಅಜ್ಜ ಅಜ್ಜಿಯರಾಗುವ ಹಾದಿಯಲ್ಲಿದ್ದೀರಿ. ಆದ್ದರಿಂದ ಇದನ್ನು ಸ್ವಲ್ಪ ವಿವರಿಸುತ್ತೇನೆ. ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲಕ್ಕೆ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಹಬ್ಬುತ್ತ ಹೋಗುತ್ತವೆ. ತಾಯಿಯ ಗರ್ಭದಲ್ಲಿ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಆ ಕೆಲಸ ಮುಗಿಯುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಶಿಶುವಿನಲ್ಲಿ ಅದು ಅರ್ಧಕ್ಕೇ ನಿಂತಿರುತ್ತದೆ. ಮುಂದೆ ಕೆಲವು ಮಕ್ಕಳಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡಬಹುದು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಸರಿಯಾಗಿಯೇ ಕಾಣುತ್ತದೆ. ಸಕಾಲದಲ್ಲಿ ಗುರುತಿಸಿ ಲೇಸರ್ ಮೊದಲಾದ ಚಿಕಿತ್ಸೆ ಮಾಡಿದರೆ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ; ಹೊತ್ತು ಮೀರಿದರೆ ಕುರುಡುತನ ಶಾಶ್ವತ. ನಮ್ಮಂಥ ಊರುಗಳಲ್ಲಿ ಇದನ್ನು ಪರೀಕ್ಷಿಸುವ ತಜ್ಞರು ಇರುವುದಿಲ್ಲವಾದ್ದರಿಂದ, ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ 'ಕಿಡ್‌ರಾಪ್' ಎಂಬ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಕೂಸಿನ ಕಣ್ಣಿನೊಳಗಿನ ಚಿತ್ರ ತೆಗೆದು ಅಂತರ್ಜಾಲದ ಮೂಲಕ ತಜ್ಞರಿಗೆ ಕಳುಹಿಸುವ ವ್ಯವಸ್ಥೆ ಅದು.

ಮೊಮ್ಮಗಳಿಗೆ ಲೇಸರ್ ಚಿಕಿತ್ಸೆಯಾಯಿತು. ಅಕ್ಷಿಪಟಲ ಉಳಿಯಿತು. ಆದರೆ ಹತ್ತು ತಿಂಗಳಾಗುವಷ್ಟರಲ್ಲಿ ಎಡಗಣ್ಣು ಬಲಗಣ್ಣಿಗಿಂತ ಬಹಳ ದುರ್ಬಲವೆಂದು ತಿಳಿದುಬಂತು. ಕಡಲೆಬೀಜದಷ್ಟು ಮೂಗಿನ ಮೇಲೆ ಕನ್ನಡಕ ಬಂದು ಕೂತಿತು. ಅದರ ಜೊತೆಗೆ ವೈದ್ಯರು ಇನ್ನೊಂದು ನಿಯಮ ಹೇಳಿದರು: ದಿನಕ್ಕೆ ಒಂದು ಗಂಟೆ ಚೆನ್ನಾಗಿರುವ ಬಲಗಣ್ಣಿಗೆ ಪಟ್ಟಿ ಅಂಟಿಸಬೇಕು. ಮಿದುಳು ಬಲವಾದ ಕಣ್ಣನ್ನೇ ನೆಚ್ಚಿಕೊಂಡರೆ ದುರ್ಬಲ ಕಣ್ಣು ಕಲಿಯುವುದನ್ನೇ ಬಿಟ್ಟುಬಿಡುತ್ತದೆ. ಬಲಗಣ್ಣನ್ನು ಮುಚ್ಚಿದಾಗ ಎಡಗಣ್ಣು ದುಡಿಯಲೇಬೇಕಾಗುತ್ತದೆ. ತರಗತಿಯಲ್ಲಿ ಚುರುಕಾದ ಹುಡುಗನೇ ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳುತ್ತಿದ್ದರೆ ಹಿಂದಿನ ಬೆಂಚಿನವನು ಬಾಯಿ ತೆರೆಯುವುದೇ ಇಲ್ಲವಲ್ಲ, ಹಾಗೆ.

ನಿಯಮ ಹೇಳುವುದು ಸುಲಭ. ಪಟ್ಟಿ ಅಂಟಿಸಿದೊಡನೆ ಆ ಕೂಸಿನ ಪ್ರಪಂಚವೇ ಮಂಜಾಗುತ್ತಿತ್ತು. ಅಳುತ್ತಿತ್ತು, ಪಟ್ಟಿಯನ್ನು ಕೀಳುತ್ತಿತ್ತು, ಕೊನೆಗೆ ಅತ್ತು ಸುಸ್ತಾಗಿ ನಿದ್ದೆ ಹೋಗುತ್ತಿತ್ತು. ಮುಚ್ಚಿದ ಕಣ್ಣೂ ನಿದ್ರಿಸಿ, ತೆರೆದ ಕಣ್ಣೂ ನಿದ್ರಿಸಿದರೆ ಚಿಕಿತ್ಸೆಯೆಲ್ಲಿಯದು? ಮಗಳು ಕಣ್ಣೀರು ಹಾಕಿ, "ಅವ್ವಾ, ನನ್ನ ಕೈಲೇ ಇದಕ್ಕ ನೋವು ಕೊಟ್ಟಂಗ ಆಗ್ತೈತಿ, ನಾ ಒಲ್ಲೆ" ಎನ್ನತೊಡಗಿದಳು. ತರಬೇತಿ ನೀಡುವ ತಜ್ಞೆ ಹೇಳಿದ ಮಾತು ಆಗ ನನಗೆ ದಾರಿ ತೋರಿತು: "ಆ ಒಂದು ಗಂಟೆ ಮಗು ನೋಡಲು ಇಷ್ಟಪಡುವಂಥದ್ದು ಅದರ ಕೈಯಲ್ಲಿರಬೇಕು. ದೊಡ್ಡದಾಗಿರಲಿ, ಗಾಢ ಬಣ್ಣವಿರಲಿ, ಮುಟ್ಟಿದರೆ ತಿಳಿಯುವಂತಿರಲಿ. ಒಂದೊಂದೇ ಕೊಡಿ."

ಪೇಟೆಯಿಂದ ತಂದ ಆಟಿಕೆಗಳು ಮನೆಯಲ್ಲಿ ಬುಟ್ಟಿ ತುಂಬಿದ್ದವು. ಒಂದರಲ್ಲಿಯೇ ಹತ್ತು ಬಣ್ಣ, ಮಿಣುಕು ದೀಪ, ಇಂಗ್ಲಿಷ್ ಹಾಡು. ಮಂಜುಗಣ್ಣಿನ ಕೂಸಿಗೆ ಅದೆಲ್ಲ ಒಂದು ಗದ್ದಲದ ಮುದ್ದೆಯಾಗಿ ಕಾಣುತ್ತಿತ್ತೇನೋ, ಮುಖ ತಿರುಗಿಸುತ್ತಿತ್ತು. ಆ ರಾತ್ರಿ ಫ್ರೋಬೆಲನ ಉತ್ತರ ನೆನಪಾಯಿತು. ಒಂದು ಚೆಂಡು, ಒಂದೇ ಬಣ್ಣ.

ಕ್ರೋಶಾ ಕಡ್ಡಿಯನ್ನು ನಾನು ಹಿಡಿದದ್ದು ಹೈಸ್ಕೂಲಿನಲ್ಲಿ, ಹೊಲಿಗೆ ಟೀಚರ್ ಕೈಕೆಳಗೆ. ಆ ಕಾಲದಲ್ಲಿ ಬಿಳಿಯ ದಾರದಿಂದ ರೇಡಿಯೋ ಹೊದಿಕೆ, ಬಾಗಿಲ ತೋರಣ, ನೀರಿನ ತಂಬಿಗೆಯ ಮುಚ್ಚಳದ ಮೇಲಿನ ಜಾಲರಿ ಮಾಡುತ್ತಿದ್ದೆವು. ನಮ್ಮ ಸೀಮೆಯ ಹೆಣ್ಣುಮಕ್ಕಳ ಬೆರಳುಗಳಿಗೆ ಕುಣಿಕೆ ಹೊಸದಲ್ಲ. ಹಡಗಲಿಯ ಮಲ್ಲಿಗೆ ಮಾಲೆ ಕಟ್ಟುವವರನ್ನು ನೋಡಿರಿ. ಕಣ್ಣು ಗಿರಾಕಿಯ ಕಡೆಗಿದ್ದರೂ ಬೆರಳು ತಾನಾಗಿಯೇ ದಾರವನ್ನು ಸುತ್ತಿ, ಕುಣಿಕೆ ಹಾಕಿ, ಬಿಗಿಯುತ್ತಿರುತ್ತದೆ. ಕ್ರೋಶಾ ಕೂಡ ಅಷ್ಟೇ: ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುವುದು. ನಲವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳುಗಳು ಮೊದಲೆರಡು ದಿನ ತಕರಾರು ಮಾಡಿ ಆಮೇಲೆ ಹಳೆಯ ಹಾದಿಗೆ ಬಂದವು.

ಗಣಿತದ ಟೀಚರ್ ಚೆಂಡು ಹೆಣೆದರೆ ಲೆಕ್ಕ ಬಿಡುವುದುಂಟೇ! ಮೊದಲ ಸುತ್ತಿಗೆ ಆರು ಹೊಲಿಗೆ. ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು. ಹೀಗೆ ಪ್ರತಿ ಸುತ್ತಿಗೂ ಆರು ಹೆಚ್ಚಿಸುತ್ತ ಮೂವತ್ತಾರರವರೆಗೆ. ಸಮಾಂತರ ಶ್ರೇಢಿ, ಸಾಮಾನ್ಯ ವ್ಯತ್ಯಾಸ ಆರು. ಏಕೆ ಆರೇ? ವೃತ್ತದ ಪರಿಧಿ 2πr ಎಂದು ನಿಮಗೆಲ್ಲ ಕಲಿಸಿದ್ದೇನೆ. ಸಾದಾ ಹೊಲಿಗೆಯ ಅಗಲವೂ ಎತ್ತರವೂ ಹೆಚ್ಚು ಕಡಿಮೆ ಒಂದೇ. ಪ್ರತಿ ಸುತ್ತಿಗೆ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಪರಿಧಿ 2π, ಅಂದರೆ 6.28 ಹೊಲಿಗೆಯಷ್ಟು ಬೆಳೆಯಬೇಕು. ಆರು ಹಾಕಿದರೆ ತಟ್ಟೆಯಂತೆ ಬರುತ್ತದೆ. ಕಡಿಮೆ ಹಾಕಿದರೆ ಬಟ್ಟಲಾಗುತ್ತದೆ. ಬಹಳ ಹಾಕಿದರೆ ಅಂಚು ನೆರಿಗೆಗಟ್ಟಿ ಕೋಳಿಜುಟ್ಟಿನ ಹೂವಿನಂತಾಗುತ್ತದೆ. ಆ ನೆರಿಗೆಯೂ ವ್ಯರ್ಥವಲ್ಲ. ಲಾಟ್ವಿಯಾ ದೇಶದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಇದೇ ರೀತಿ ಕ್ರೋಶಾ ಹೆಣೆದು ಯೂಕ್ಲಿಡನ ನಿಯಮಕ್ಕೆ ಒಳಪಡದ ಅತಿಪರವಲಯ ಜ್ಯಾಮಿತಿಯ ಮೇಲ್ಮೈಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು.

ಮೂವತ್ತಾರು ಮುಟ್ಟಿದ ಮೇಲೆ ಆರು ಸುತ್ತು ಏರಿಸದೆ ಇಳಿಸದೆ ಹೆಣೆದು, ಅನಂತರ ಮೂವತ್ತು, ಇಪ್ಪತ್ತನಾಲ್ಕು ಎಂದು ಇಳಿಯುತ್ತ ಆರಕ್ಕೆ ಬಂದು ಬಾಯಿ ಮುಚ್ಚಬೇಕು. ಒಟ್ಟು ಹದಿನೇಳು ಸುತ್ತು, ನಾನೂರ ಮೂವತ್ತೆರಡು ಹೊಲಿಗೆ. ನಡುವಿನ ಸುತ್ತಿನ ಮೂವತ್ತಾರರ ಅರ್ಧ ಹದಿನೆಂಟು. ಮೇಲಿನಿಂದ ಕೆಳಗಿನವರೆಗೆ ಸುತ್ತುಗಳೂ ಹದಿನೆಂಟರ ಸಮೀಪವಿದ್ದರೆ ಚೆಂಡು ಗುಂಡಗಾಗುತ್ತದೆ. ಹತ್ತನೆಯ ತರಗತಿಯ ಯಾರಾದರೂ ಕೂಡಿಸಿ ನೋಡಬಹುದು.

ದಾರವನ್ನು ಆರಿಸುವಾಗ ಹೊಳಪಿನ ಉಲ್ಲನ್ ಬೇಡವೆಂದು ದಪ್ಪನೆಯ ಹತ್ತಿಯ ದಾರವನ್ನೇ ತರಿಸಿದೆ. ಆ ವಯಸ್ಸಿನ ಕೂಸು ಕಣ್ಣಿಗಿಂತ ಮೊದಲು ಬಾಯಿಯಿಂದ ಓದುತ್ತದೆ. ಉಲ್ಲನ್ನಿನ ನಯವಾದ ಎಳೆಗಳು ಬಾಯಿಗೆ ಹೋಗುತ್ತವೆ. ಹತ್ತಿಯಾದರೆ ಒಗೆದು ಬಿಸಿಲಿಗೆ ಹಾಕಬಹುದು, ಮತ್ತು ನಮ್ಮ ಸೀಮೆಯ ಬಿಸಿಲಿಗೆ ಬರವಿಲ್ಲ. ಬಣ್ಣ ಬಿಡುತ್ತದೆಯೇ ಎಂದು ಪ್ರತಿ ಉಂಡೆಯನ್ನೂ ಬಿಳಿಯ ಬಟ್ಟೆಯೊಡನೆ ಬಿಸಿನೀರಿನಲ್ಲಿ ಅದ್ದಿ ಪರೀಕ್ಷಿಸಿದೆ. ಕೆಂಪು ಉಂಡೆಯೊಂದು ಅನುತ್ತೀರ್ಣವಾಯಿತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಕೂಡ್ಲಿಗಿ ಕಡೆಯ ತಾಂಡಾದವಳು, ಈಗ ಹೊಲಿಗೆಯಿಂದಲೇ ಜೀವನ ನಡೆಸುವವಳು, ನೋಡಲು ಬಂದಿದ್ದಳು. ಲಂಬಾಣಿ ಕಸೂತಿಯಂತೆ ಚೆಂಡಿಗೆ ಕನ್ನಡಿ ಬಿಲ್ಲೆ, ಕವಡೆ ಹಚ್ಚಿದರೆ ಹೊಳೆದೀತು ಎಂದು ನನಗೆ ಅನಿಸಿತ್ತು. ಅವಳು ತಕ್ಷಣ ತಡೆದಳು: "ಬ್ಯಾಡ್ರಿ ಅಕ್ಕೋರೆ, ಅದು ದೊಡ್ಡೋರ ಲಂಗಕ್ಕ ಚೆಂದ. ಕೂಸು ಕಿತ್ತು ನುಂಗ್ತೈತಿ." ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಬಿಡಿ ಭಾಗಗಳು ಇರಬಾರದೆಂಬುದು ಆಟಿಕೆ ಸುರಕ್ಷತೆಯ ಮೂಲ ನಿಯಮ, ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಹಿಡಿಸುವ ಯಾವ ವಸ್ತುವೂ ಗಂಟಲಿಗೆ ಅಪಾಯವೆಂದು ಪರಿಗಣಿತವಾಗುತ್ತದೆ. ನಮ್ಮ ದೇಶದಲ್ಲಿ ಮಾರಾಟವಾಗುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅಜ್ಜಿ ಹೆಣೆದದ್ದಕ್ಕೆ ಗುರುತು ಹಾಕುವವರಿಲ್ಲ, ಆದ್ದರಿಂದ ಅಜ್ಜಿಯೇ ಪರೀಕ್ಷಕಳಾಗಬೇಕು. ಫ್ರೋಬೆಲನ ಚೆಂಡಿಗೆ ತೂಗಾಡಿಸಲು ದಾರವಿತ್ತು. ಕೊರಳಿಗೆ ಸುತ್ತಿಕೊಂಡೀತೆಂದು ನಾನು ಅದನ್ನೂ ಬಿಟ್ಟೆ.

ಕನ್ನಡಿಯ ಬದಲು ಹೆಣಿಗೆಯಲ್ಲಿಯೇ ವ್ಯತ್ಯಾಸ ಮಾಡಿದೆ. ಹಳದಿಯದಕ್ಕೆ ಮೈತುಂಬ ಗುಬ್ಬಿಗಳು, ನೀಲಿಯದಕ್ಕೆ ಏಣುಗಳು, ಹಸಿರಿನದು ನುಣುಪು. ಆರರ ಜೊತೆಗೆ ಏಳನೆಯದಾಗಿ ಕಪ್ಪು ಬಿಳುಪು ಪಟ್ಟೆಯದೊಂದು. ಹುಟ್ಟಿದ ಮಗುವಿಗೆ ಎಂಟರಿಂದ ಹನ್ನೆರಡು ಅಂಗುಲದಷ್ಟು ದೂರವೇ ಸ್ಪಷ್ಟ, ಅಂದರೆ ಹಾಲು ಕುಡಿಯುವಾಗ ತಾಯಿಯ ಮುಖವಿರುವಷ್ಟು. ಬಣ್ಣಗಳಿಗಿಂತ ಮೊದಲು ಬೆಳಕು ಕತ್ತಲೆಯ ಗಡಿಗಳನ್ನು ಅದು ಗುರುತಿಸುತ್ತದೆ. ನಮ್ಮ ಕೂಸಿನ ಎಡಗಣ್ಣು ವಯಸ್ಸಿನಲ್ಲಿ ಅದರ ತಂಗಿಯಂತಿತ್ತು. ಆದ್ದರಿಂದ ಕಪ್ಪು ಬಿಳುಪಿನಿಂದಲೇ ಪಾಠ ಆರಂಭವಾಯಿತು.

ಮೊದಲ ವಾರ ಏನೂ ಆಗಲಿಲ್ಲ. ಪಟ್ಟಿ, ಅಳು, ನಿದ್ದೆ. ಎರಡನೆಯ ವಾರ ಚೆಂಡನ್ನು ಕೈಗೆ ಕೊಟ್ಟರೆ ಅಳುತ್ತಲೇ ಹಿಡಿದುಕೊಳ್ಳುತ್ತಿದ್ದಳು, ಬಾಯಿಗೆ ಒಯ್ಯುತ್ತಿದ್ದಳು, ನೋಡುತ್ತಿರಲಿಲ್ಲ. ಹದಿನೆಂಟನೆಯ ದಿನ ಸಂಜೆ ನಾನು ಹಳದಿ ಚೆಂಡನ್ನು ಕಪ್ಪು ಕಂಬಳಿಯ ಮೇಲೆ ಎಡಕ್ಕೆ ಉರುಳಿಸಿದೆ. ತಲೆ ತಿರುಗಿತು. ಮೊದಲು ತಲೆ, ಆಮೇಲೆ ಆ ಎಡಗಣ್ಣು, ಆಮೇಲೆ ಕೈ. ಚೆಂಡಿಗಿಂತ ನಾಲ್ಕು ಬೆರಳು ಆಚೆ ಕೈಯೂರಿದಳು, ತಡವರಿಸಿದಳು, ಗುಬ್ಬಿ ಹೆಣಿಗೆ ಬೆರಳಿಗೆ ತಗಲಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಏನೂ ಮಾತಾಡಲಿಲ್ಲ. ಮರುದಿನ ಪಟ್ಟಿಯನ್ನು ಅವಳೇ ಅಂಟಿಸಿದಳು.

ಇದು ಚೆಂಡಿನ ಪವಾಡವೆಂದು ಯಾರೂ ತಿಳಿಯಬಾರದು. ಕಣ್ಣನ್ನು ಉಳಿಸಿದ್ದು ಇಪ್ಪತ್ತಾರನೆಯ ದಿನದ ಪರೀಕ್ಷೆ ಮತ್ತು ಲೇಸರ್. ಕಲಿಸುತ್ತಿರುವುದು ಕನ್ನಡಕ ಮತ್ತು ಪಟ್ಟಿ. ಚೆಂಡು ಮಾಡಿದ್ದು ಆ ಒಂದು ಗಂಟೆಯನ್ನು ಸಹ್ಯಗೊಳಿಸುವ ಕೆಲಸ ಮಾತ್ರ. ಎಡಗಣ್ಣು ಬಲಗಣ್ಣಿಗೆ ಸಮನಾಗುವುದೋ ಇಲ್ಲವೋ ವೈದ್ಯರೂ ಹೇಳರು. ಇನ್ನೂ ಕೆಲವು ವರ್ಷ ಈ ದುಡಿಮೆ ಇದೆ. ಆದರೆ ಮಗುವಿನ ಬಾಲ್ಯದಲ್ಲಿ ಒಂದು ಗಂಟೆಯೆಂಬುದು ಸಣ್ಣದಲ್ಲ ಎಂಬುದನ್ನು ಶಿಕ್ಷಕಿಯಾಗಿ ನಾನು ಬಲ್ಲೆ.

ನಮ್ಮ ಹಿಂದಿನವರಿಗೂ ಇದು ತಿಳಿದಿತ್ತು. ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಯಾವ ಊರಿಗೆ ಹೋದರೂ ಹಳೆಯ ಸೀರೆಗಳ ತುಂಡು ಸೇರಿಸಿದ ಕೌದಿಯ ಮೇಲೆಯೇ ಕೂಸುಗಳು ಮಗುಚಿಕೊಂಡು ಬಣ್ಣಗಳನ್ನು ಕಲಿತವು. ತೊಟ್ಟಿಲಿಗೆ ಬಟ್ಟೆಯ ಗಿಣಿಗಳು ತೂಗುತ್ತಿದ್ದವು. ಕೈಯಿಂದ ಕಲಿತದ್ದು ತಲೆಗೆ ಹೋಗುತ್ತದೆಂಬುದೇ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ತಿರುಳು. ಅದನ್ನು ಪರೀಕ್ಷೆಗೆ ಓದಿ, ಕೆಲಸಾನುಭವದ ಪಿರಿಯಡ್ಡನ್ನು ಗಣಿತಕ್ಕೆ ಬೇಡಿ ಪಡೆಯುತ್ತಿದ್ದ ಶಾಲೆಗಳನ್ನು ನಾವೆಲ್ಲ ಕಂಡಿದ್ದೇವೆ.

ಪ್ರಿಯ ವಿದ್ಯಾರ್ಥಿಗಳೇ, ಈ ಬರಹದಿಂದ ಒಂದು ಮಾತನ್ನಾದರೂ ನೆನಪಿಡಿ. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಮೂವತ್ತನಾಲ್ಕು ವಾರಕ್ಕೆ ಮೊದಲು ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸು ಇದ್ದರೆ, ಅದಕ್ಕೆ ಮೂವತ್ತು ದಿನ ತುಂಬುವುದರೊಳಗೆ ಅಕ್ಷಿಪಟಲದ ಪರೀಕ್ಷೆ ಆಗಿದೆಯೇ ಎಂದು ಕೇಳಿ. ತೀರ ಚಿಕ್ಕ ಕೂಸಾದರೆ ಇನ್ನೂ ಮುಂಚೆಯೇ. ಬಾಣಂತಿಯನ್ನು ಹೊರಗೆ ಕಳಿಸಬಾರದು, ಕೂಸಿಗೆ ಗಾಳಿ ಸೋಕಬಾರದು ಎಂದು ಹಿರಿಯರು ತಡೆದರೆ ನನ್ನ ಹೆಸರು ಹೇಳಿ, ಟೀಚರ್ ಹೇಳ್ಯಾರ ಎನ್ನಿ. ಚೆಂಡು ಹೆಣೆಯಲು ಬಾರದಿದ್ದವರು ನಮ್ಮ ಮನೆಗೆ ಬನ್ನಿ, ಕಡ್ಡಿ ಮತ್ತು ದಾರ ನಾನು ಕೊಡುತ್ತೇನೆ. ಎಣಿಸುವುದನ್ನು ಮೊದಲೇ ಕಲಿಸಿದ್ದೇನಷ್ಟೆ.