ಅಮ್ಮನ ಕೋಣೆಗೆ ಬಂದ ರೌಟರು

ನಾನು ತಿರುವನಂತಪುರದ ಒಂದು ಸರಕಾರಿ ಕಛೇರಿಯಲ್ಲಿ ಗುಮಾಸ್ತ. ಊರು ಕಾಸರಗೋಡಿನ ಕಡೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ನಮ್ಮಂಥವರಿಗೆ ರಾಜಧಾನಿಯೆಂದರೆ ಇದೇ. ಮನೆಯಾಕೆಗೆ ಎರ್ನಾಕುಳಂನಲ್ಲಿ ಉದ್ಯೋಗ. ಆದ್ದರಿಂದ ಅಮ್ಮ, ಮಗಳು, ಪಾತ್ರೆ ಪಡಗ ಎಲ್ಲವೂ ಕೊಚ್ಚಿಯಲ್ಲಿ. ನಾನೊಬ್ಬ ಮಾತ್ರ ಇನ್ನೂರು ಕಿಲೋಮೀಟರು ತೆಂಕಲಿಗೆ ಒಂದು ಬಾಡಿಗೆ ಕೋಣೆಯಲ್ಲಿ. ವಾರದ ಕೊನೆಗೆ ವಂಚಿನಾಡ್ ಎಕ್ಸ್‌ಪ್ರೆಸ್ಸು ನನ್ನನ್ನು ಸಂಸಾರಿಯನ್ನಾಗಿ ಮಾಡುತ್ತದೆ. ಮಿಕ್ಕ ದಿನಗಳಲ್ಲಿ ಆ ಕೆಲಸ ವೀಡಿಯೋ ಕರೆಯದು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ಊರಿನಲ್ಲಿ ದೊಡ್ಡ ಮಾವನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಅಮ್ಮನಿಗೆ ತಿಳಿಸಿದೆ. ಅಮ್ಮ ನಗುತ್ತ, “ಒಳ್ಳೆದಾಯ್ತು ಮಗಾ” ಎಂದಳು. ನನಗೆ ದಿಗಿಲಾಯಿತು, ಕೋಪವೂ ಬಂತು. ಕೋಪ ಇಳಿಯುವಂತೆ ಮಾಡಿದವಳು ಮನೆಯಾಕೆ. “ಅತ್ತೆಗೆ ಕಿವಿ ಮಂದವಾಗಿ ಎರಡು ವರ್ಷವಾಯ್ತಲ್ಲ! ಅವರು ನಿಮ್ಮ ತುಟಿ ನೋಡಿಯೇ ಮಾತು ತಿಳಿಯುವುದು. ಚಿತ್ರ ನಿಂತುಹೋದರೆ ಅಂದಾಜಿನ ಮೇಲೆ ಉತ್ತರ ಕೊಡುತ್ತಾರೆ” ಎಂದಳು. ಅಮ್ಮನಿಗೆ ಬರುವುದು ಕನ್ನಡದ ತುಟಿಗಳು ಮಾತ್ರ. ನೆರೆಹೊರೆಯ ಮಲಯಾಳದ ತುಟಿ ಅವಳ ಓದಿಗೆ ಸಿಕ್ಕಲಿಲ್ಲ. ಹಾಗಾಗಿ ನನ್ನ ಮುಖ ಆ ಚಿಕ್ಕ ಪರದೆಯಲ್ಲಿ ಕಲ್ಲಾಗಿ ನಿಂತಾಗಲೆಲ್ಲ ಅಮ್ಮ ಮನೆಯೊಳಗೇ ಒಂಟಿಯಾಗುತ್ತಿದ್ದಳು. ಇಷ್ಟು ದಿನ “ಹೂಂ, ಹೂಂ” ಎಂದದ್ದೆಲ್ಲ ಏನೆಂದು ಆಗ ಅರ್ಥವಾಯಿತು.

ಹಳೆಯ ಸಂಪರ್ಕವನ್ನು ಬಿಟ್ಟು ಹೊಸದನ್ನು ಹಾಕಿಸುವುದೆಂದು ಆ ರಾತ್ರಿಯೇ ತೀರ್ಮಾನವಾಯಿತು. ಕೂದಲಿನಷ್ಟು ಸಪೂರದ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಫೈಬರ್ ಸಂಪರ್ಕ. ಸೆಕೆಂಡಿಗೆ 100 ಮೆಗಾಬಿಟ್ ಎಂಬ ವಾಗ್ದಾನ. ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ, ಕಡತಗಳ ಲೆಕ್ಕದಲ್ಲಿ ಇದು ಹನ್ನೆರಡೂವರೆ ಮೆಗಾಬೈಟು ಮಾತ್ರ. ಸಂಬಳದಲ್ಲಿ ‘ಒಟ್ಟು’ ಬೇರೆ, ‘ಕೈಗೆ ಬಂದದ್ದು’ ಬೇರೆ ಎಂದು ಬಲ್ಲ ಗುಮಾಸ್ತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ!

ರೌಟರನ್ನು ನಾನೇ ಹಜಾರದಲ್ಲಿ, ಟಿ.ವಿ.ಯ ಪಕ್ಕದ ಗಾಜಿನ ಕಪಾಟಿನಲ್ಲಿ ಪ್ರತಿಷ್ಠಾಪಿಸಿದೆ. ಬಂದವರ ಕಣ್ಣಿಗೆ ಬೀಳಬೇಡವೆ? ಡಬ್ಬಿಯ ಅಡಿಯಲ್ಲಿ ಅಚ್ಚಾಗಿದ್ದ ಗುಪ್ತಪದವನ್ನು ಬದಲಿಸಿದೆ. ವೇಗ ಅಳೆದು ನೋಡಿದರೆ 94! ಬೀಗುತ್ತ ಆದಿತ್ಯವಾರ ಸಂಜೆ ತಿರುವನಂತಪುರದ ರೈಲು ಹತ್ತಿದೆ. ಸೋಮವಾರ ರಾತ್ರಿ ಅಮ್ಮ ಮತ್ತೆ “ಹೂಂ” ಎಂದಳು. ಚಿತ್ರ ಮತ್ತೆ ನಿಂತಿತ್ತು.

ಮುಂದಿನ ಶನಿವಾರ ಎರಡನೆಯ ಶನಿವಾರ, ಕಛೇರಿಗೆ ರಜೆ. ಒಂದು ನೋಟುಬುಕ್ಕಿನಲ್ಲಿ ಪಟ್ಟಿ ಎಳೆದು, ಫೋನು ಹಿಡಿದು ಕೋಣೆ ಕೋಣೆ ಸುತ್ತಿದೆ. ಹಜಾರ 94, ಅಡಿಗೆಮನೆ 40, ಹಿಂಬದಿಯ ಅಮ್ಮನ ಕೋಣೆಯಲ್ಲಿ, ಬಾಗಿಲು ಮುಚ್ಚಿದರೆ, ಒಂದೂವರೆ. ನಡುವೆ ಎರಡು ದಪ್ಪ ಗೋಡೆ, ಒಂದು ಫ್ರಿಜ್ಜು. ಈ ಡಬ್ಬಿ ಎರಡು ಬಗೆಯ ಅಲೆ ಬಿಡುತ್ತದೆ. 5 ಗಿಗಾಹರ್ಟ್ಸಿನದು ಚುರುಕು, ಆದರೆ ಗೋಡೆ ಕಂಡರೆ ಸೋಲುತ್ತದೆ, 2.4ರದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿಗ. ಲೋಹವೆಂದರೆ ಎರಡಕ್ಕೂ ಆಗದು.

ಪಟ್ಟಿ ನೋಡುತ್ತಿದ್ದಂತೆ ನನಗೆ ನಾಚಿಕೆಯಾಯಿತು. 2019ರಲ್ಲಿ ನಮ್ಮ ಎರ್ನಾಕುಳಂನಲ್ಲೇ ಇರುವ ಕೇರಳ ಹೈಕೋರ್ಟು, ಹಾಸ್ಟೆಲಿನ ಮೊಬೈಲ್ ನಿರ್ಬಂಧದ ವಿರುದ್ಧ ಒಬ್ಬ ವಿದ್ಯಾರ್ಥಿನಿ ಹೂಡಿದ ದಾವೆಯಲ್ಲಿ, ಅಂತರಜಾಲದ ಬಳಕೆ ವಿದ್ಯೆಯ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು ತೀರ್ಪಿತ್ತಿತು. 2023ರ ಜೂನ್ 5ರಂದು ರಾಜ್ಯ ಸರಕಾರ ಕೆಫೋನ್ ಎಂಬ ತನ್ನದೇ ಫೈಬರ್ ಜಾಲವನ್ನು ಉದ್ಘಾಟಿಸಿತು. ಬಡ ಕುಟುಂಬಗಳಿಗೆ ಉಚಿತವಾಗಿ ಕೊಡುವುದೂ ಅದರ ಉದ್ದೇಶ. ನ್ಯಾಯಾಲಯವೂ ಸರಕಾರವೂ ಹಕ್ಕನ್ನು ಹೊಸ್ತಿಲವರೆಗೆ ತಂದಾವು. ಹೊಸ್ತಿಲಿನಿಂದ ಹಿಂಬದಿಯ ಕೋಣೆಗೆ ಒಯ್ಯಬೇಕಾದವನು ಮನೆಯ ಯಜಮಾನ. ಅವನು ಅದನ್ನು ಗಾಜಿನ ಕಪಾಟಿನಲ್ಲಿ ಅಂದಕ್ಕೆ ಇಟ್ಟಿದ್ದ!

ಲೈನಿನ ಹುಡುಗನನ್ನು ಕರೆಸಿ ತಂತಿಯನ್ನು ಒಳಕ್ಕೆ ಎಳೆಸಿ, ರೌಟರನ್ನು ಅಮ್ಮನ ಬಾಗಿಲ ಹೊರಗಿನ ಎತ್ತರದ ಮರದ ಹಲಗೆಯ ಮೇಲೆ ಇಟ್ಟೆವು. ಅಮ್ಮನ ಕೋಣೆ 70ಕ್ಕೆ ಏರಿತು, ಹಜಾರ 45ಕ್ಕೆ ಇಳಿಯಿತು. ಮಗಳು ಸ್ವಲ್ಪ ಮುಖ ಊದಿಸಿದಳು; ಆದರೆ ವೀಡಿಯೋ ಕರೆಗೆ ಬೇಕಾದದ್ದು ಎರಡೋ ಮೂರೋ ಮೆಗಾಬಿಟ್ಟು, ಅದು ಎಡೆಬಿಡದೆ ಬರಬೇಕು, ಅಷ್ಟೆ.

ತಿರುವನಂತಪುರದ ನನ್ನ ಕೋಣೆಯಲ್ಲೂ ಒಂದು ತಿದ್ದುಪಡಿಯಾಯಿತು. ದೀಪಕ್ಕೆ ಬೆನ್ನು ಹಾಕಿ ಕೂರುತ್ತಿದ್ದವನು ಈಗ ದೀಪದ ಕಡೆಗೆ ಮುಖ ಮಾಡಿ ಕೂರುತ್ತೇನೆ. ಮುಖವೇ ಕತ್ತಲೆಯಾದರೆ ಎಷ್ಟು ಮೆಗಾಬಿಟ್ ಇದ್ದು ಏನು ಫಲ?

ಮಂಗಳವಾರ ರಾತ್ರಿ, ಕಛೇರಿಯಲ್ಲಿ ನಾನು ಸಾಹೇಬರ ಕೊಡೆಯನ್ನು ನನ್ನದೆಂದು ಎತ್ತಿಕೊಂಡು ಬಂದ ಕಥೆ ಹೇಳಿದೆ. ಮಾತು ಮುಗಿಯುವ ಮೊದಲೇ ಅಮ್ಮ ನಕ್ಕಳು. ಸರಿಯಾದ ಜಾಗದಲ್ಲೇ ನಕ್ಕಳು. “ಹಿಂದೆ ಕೊಟ್ಟು ಬಂದೆಯಾ ಇಲ್ಲವಾ?” ಎಂದು ಗದರಿಸಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಮಾವ ಹೇಗಿದ್ದಾನೆ? ಆವತ್ತು ಏನೋ ಹೇಳಿದೆಯಲ್ಲ, ನನಗೆ ತಿಳಿಯಲಿಲ್ಲ” ಎಂದಳು.

ಮಾವ ಮನೆಗೆ ಬಂದಿದ್ದಾನೆ, ಗಂಜಿ ಉಣ್ಣುತ್ತಿದ್ದಾನೆ ಎಂದೆ, ನಿಧಾನವಾಗಿ, ದೀಪದ ಬೆಳಕಿನಲ್ಲಿ. ನೋಟುಬುಕ್ಕಿನ ಪಟ್ಟಿಯಲ್ಲಿ ಕೊನೆಯ ಒಂದು ಕಲಂ ಖಾಲಿ ಇತ್ತು. “ಅಮ್ಮ ನಕ್ಕಳು, ಕೇಳಿದಳು” ಎಂದು ಬರೆದು ರುಜು ಹಾಕಿದೆ.