ಮೈಸೂರಿನಲ್ಲಿ ನಮ್ಮ ಮೊದಲ ಪಂದ್ಯ

ಚದುರಂಗದ ಪಂದ್ಯಾವಳಿಯೊಂದಕ್ಕೆ ಹೆಸರು ಕೊಟ್ಟು, ಅರುವತ್ತರ ಈ ವಯಸ್ಸಿನಲ್ಲಿ ನಾವು ಮೈಸೂರಿಗೆ ಹೊರಟೆವು. ಆ ನಗರಕ್ಕೂ ಈ ಆಟಕ್ಕೂ ನಂಟು ಹಳೆಯದು. ೧೮೬೮ರಲ್ಲಿ ದಿವಂಗತರಾದ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯು ತುಳಿದ ಮನೆಯನ್ನು ಮರಳಿ ತುಳಿಯದೆ ೬೪ ಮನೆಗಳನ್ನೂ ಸುತ್ತುವ ಬಂಧಗಳನ್ನು ರಚಿಸಿದವರು. ಅವರು ೧೮೬೧ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಮುಂದೆ ಕ್ಷಣಕಾಲ ನಿಂತು ಮುಂದುವರಿದೆವು. ರುದ್ರಟನ ಕಾವ್ಯಾಲಂಕಾರದ ತುರಗಪದಬಂಧವನ್ನು ಎಷ್ಟೋ ವರ್ಷ ಪಾಠ ಹೇಳಿದ ನಮಗೆ ಕುದುರೆಯ ನಡೆ ತಿಳಿಯದುದುಂಟೇ ಎಂಬ ಗರ್ವವೂ ಜೊತೆಗಿತ್ತು.

ಪಂದ್ಯದ ಹಜಾರದಲ್ಲಿ ಮಾತಿಲ್ಲ. ಪ್ರತಿಯೊಂದು ನಡೆಗೂ ಗಡಿಯಾರದ ಗುಂಡಿಯನ್ನೊತ್ತಬೇಕು, ಕಾಗದದಲ್ಲಿ ಬರೆದಿಡಬೇಕು. ಮನೆಯ ಜಗಲಿಯಲ್ಲಾದರೆ ಕಾಯಿಯನ್ನೆತ್ತಿ, ಯೋಚಿಸಿ, ಮತ್ತೆ ಇದ್ದಲ್ಲಿಯೇ ಇಡುವುದುಂಟು. ಇಲ್ಲಿ ನಡೆಸಲೆಂದು ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ನಮ್ಮೆದುರು ಕುಳಿತವನು ಹತ್ತು ವರ್ಷದ ಬಾಲಕ.

ಆಟವು ಸಮವಾಗಿ ಸಾಗಿತ್ತು. ನಾವು ಕುದುರೆಯನ್ನು ಮುಟ್ಟಿದೆವು. ಮುಟ್ಟಿದೊಡನೆಯೇ, ಅದು ಎತ್ತ ನಡೆದರೂ ಮಂತ್ರಿ ಹೋಗುವುದೆಂದು ಕಂಡಿತು. ಹುಡುಗನು ಬಿದ್ದ ಪೆನ್ಸಿಲನ್ನು ಹುಡುಕುತ್ತ ಮೇಜಿನಡಿ ಬಗ್ಗಿದ್ದನು. ತೀರ್ಪುಗಾರರು ದೂರದಲ್ಲಿದ್ದರು. ಕೈಯನ್ನು ಹಿಂತೆಗೆದರೆ ಕೇಳುವವರಾರು? ಮೂವತ್ತು ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಮಕ್ಕಳ ಕೈಗಳನ್ನೇ ಕಾದ ಕಣ್ಣುಗಳು ಆಗ ನಮ್ಮ ಕೈಯನ್ನು ನೋಡಿದುವು. ಕುದುರೆಯನ್ನು ನಡೆಸಿದೆವು. ಮಂತ್ರಿ ಹೋಯಿತು, ಸ್ವಲ್ಪ ಹೊತ್ತಿನಲ್ಲಿ ರಾಜನಿಗೂ ಓಡಲು ಮನೆಯುಳಿಯಲಿಲ್ಲ.

ಕೈಕುಲುಕುವಾಗ ಹುಡುಗನು, “ತಾತ, ಆ ಕುದುರೆಯನ್ನು ಯಾಕೆ ನಡೆಸಿದಿರಿ?” ಎಂದನು.

“ಮುಟ್ಟಿದ್ದೆನಪ್ಪ” ಎಂದೆವು.

“ನಾನು ನೋಡಲೇ ಇಲ್ಲವಲ್ಲ!” ಎಂದು ಅವನು ಬೆರಗಾದನು.

ಮರಳುವಾಗ ಅರಮನೆಯ ಮುಂದೆ ಮತ್ತೊಮ್ಮೆ ನಿಂತೆವು. ಗರ್ವವು ಇಳಿದಿತ್ತು, ಮನಸ್ಸು ಹಗುರವಾಗಿತ್ತು. ಸೋತ ಲೆಕ್ಕವನ್ನು ಮನೆಯಲ್ಲಿ ಒಪ್ಪಿಸಲು ನಮಗೆ ನಾಚಿಕೆಯೆನಿಸಲಿಲ್ಲ.