ಗಾಜಿನ ಕೊಳದ ಹಸಿರು

ಗಾಜಿನ ತೊಟ್ಟಿಯೊಂದನ್ನಿರಿಸಿ, ಅದರಲ್ಲಿ ನಾಲ್ಕಾರು ಬಣ್ಣದ ಮೀನುಗಳನ್ನು ಸಾಕುವುದು ನೋಡುವವರ ಕಣ್ಣಿಗೆ ಹಬ್ಬವೇ ಸರಿ. ಆದರೆ ನೋಡುವವರ ಹಬ್ಬವು ಮೀನಿನ ಪಾಲಿಗೂ ಹಬ್ಬವಾಗಬೇಕಾದರೆ ಸಾಕುವವನು ಹಲವು ಸಂಗತಿಗಳನ್ನು ಅರಿತಿರಬೇಕು. ಅವುಗಳಲ್ಲೊಂದು, ತೊಟ್ಟಿಯಲ್ಲಿ ಇಡತಕ್ಕದ್ದು ಸಜೀವ ಜಲಸಸ್ಯವನ್ನೋ ಅಥವಾ ಅಂಗಡಿಯಲ್ಲಿ ದೊರೆಯುವ ಪ್ಲಾಸ್ಟಿಕ್ ಗಿಡವನ್ನೋ ಎಂಬುದು. ಮೇಲ್ನೋಟಕ್ಕೆ ಇದು ಅಲಂಕಾರದ ಮಾತು. ವಿಚಾರಿಸಿ ನೋಡಿದರೆ ಮೂಕಪ್ರಾಣಿಗಳ ಅಳಿವು ಉಳಿವಿನ ಮಾತು.

ಒಂದು ಊರಿನ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳು ಮೂರು ಅಡಿ ಉದ್ದದ ತೊಟ್ಟಿಯೊಂದನ್ನು ಕಾಣಿಕೆಯಾಗಿ ಕೊಟ್ಟರು. ವಿಜ್ಞಾನದ ಅಧ್ಯಾಪಕರು ಉತ್ಸಾಹದಿಂದ ಅದರಲ್ಲಿ ಜಲಸಸ್ಯಗಳನ್ನು ಒತ್ತೊತ್ತಾಗಿ ನೆಟ್ಟು, ಹೊಂಬಣ್ಣದ ಗೋಲ್ಡ್‌ಫಿಷ್‌ಗಳನ್ನು ಬಿಟ್ಟರು. ಎರಡು ತಿಂಗಳು ಎಲ್ಲವೂ ಸೊಗಸಾಗಿತ್ತು. ದಸರೆಯ ರಜೆ ಬಂದಿತು. ಕೊಠಡಿಯ ಕಿಟಕಿ ಬಾಗಿಲುಗಳನ್ನು ಮುಚ್ಚಿ, ವಿದ್ಯುತ್ತನ್ನು ನಿಲ್ಲಿಸಿ, ಎಲ್ಲರೂ ಊರುಗಳಿಗೆ ತೆರಳಿದರು. ರಜೆ ಮುಗಿಸಿ ಬಂದು ಬಾಗಿಲು ತೆರೆದಾಗ ಕಂಡದ್ದು ಕೊಳೆತ ಎಲೆ, ಕದಡಿದ ನೀರು. ಎರಡು ಮೀನುಗಳು ಸತ್ತು ತೇಲುತ್ತಿದ್ದವು. ಉಳಿದವು ನೀರಿನ ಮೇಲ್ಮೈಗೆ ಬಾಯಿಯೊಡ್ಡಿ ಉಸಿರಿಗಾಗಿ ತವಕಿಸುತ್ತಿದ್ದವು. ತೊಟ್ಟಿಯನ್ನು ಕೊಟ್ಟವರಲ್ಲಿ ಒಬ್ಬರು ಈ ವರ್ತಮಾನವನ್ನು ಕೇಳಿ, "ಪ್ಲಾಸ್ಟಿಕ್ ಗಿಡಗಳನ್ನೇ ಹಾಕಿಬಿಡಿ ಗುರುಗಳೇ, ಅವು ಸಾಯುವುದೂ ಇಲ್ಲ, ಕೊಳೆಯುವುದೂ ಇಲ್ಲ" ಎಂದರು. ಮಾತು ಸಯುಕ್ತಿಕವಾಗಿಯೇ ಇತ್ತು. ಆದರೂ ಅಧ್ಯಾಪಕರ ಮನಸ್ಸು ಒಪ್ಪಲಿಲ್ಲ.

ಅವರ ಹಿಂಜರಿಕೆಗೆ ಕಾರಣವಿತ್ತು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು, ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಒಂದು ಕುಡಿ ಮತ್ತೆ ಶುದ್ಧಗೊಳಿಸುವುದೆಂದು ಕಂಡುಕೊಂಡನು. 1779ರಲ್ಲಿ ಯಾನ್ ಇಂಗೆನ್‌ಹೌಸ್, ಗಿಡದ ಹಸಿರು ಭಾಗಗಳು ಈ ಉಪಕಾರವನ್ನು ಬಿಸಿಲಿನಲ್ಲಿ ಮಾತ್ರ ಮಾಡುತ್ತವೆ, ಕತ್ತಲೆಯಲ್ಲಿ ಗಾಳಿಯನ್ನು ಕೆಡಿಸುತ್ತವೆ ಎಂದು ತೋರಿಸಿದನು. ಮುಂದೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಷ್‌ಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಜೊತೆಗೂಡಿಸಿದನು. ಅವನ ತೊಟ್ಟಿಯಲ್ಲೂ ಎಲೆ ಕೊಳೆತು ನೀರು ಕೆಟ್ಟಿತು! ಅವನು ಗಿಡವನ್ನು ಕಿತ್ತೆಸೆಯಲಿಲ್ಲ. ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ತಂದು ಬಿಟ್ಟನು. ನೀರು ತಿಳಿಯಾಯಿತು. 1850ರಲ್ಲಿ ಅವನು ಈ ಫಲಿತಾಂಶವನ್ನು ಪ್ರಕಟಿಸಿದನು.

ಈ ಹೊಂದಾಣಿಕೆಯ ಮರ್ಮ ಇಷ್ಟು. ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೇ ವಿಷ. ಮರಳಿನಲ್ಲಿಯೂ ಸೋಸುಕದಲ್ಲಿಯೂ ನೆಲಸಿದ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ, ಅನಂತರ ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಸಜೀವ ಸಸ್ಯವು ಅಮೋನಿಯವನ್ನೂ ನೈಟ್ರೇಟನ್ನೂ ಆಹಾರವಾಗಿ ಹೀರಿಕೊಂಡು, ಬೆಳಕಿದ್ದಾಗ ಆಮ್ಲಜನಕವನ್ನು ನೀಡುತ್ತದೆ. ಪ್ಲಾಸ್ಟಿಕ್ ಗಿಡದ ಮೇಲೂ ಸೂಕ್ಷ್ಮಾಣುಗಳು ನೆಲಸುವುದುಂಟು. ಆದರೆ ಗಿಡ ತಾನಾಗಿ ಏನನ್ನೂ ಹೀರದು. ಆದುದರಿಂದ ಅಂಥ ತೊಟ್ಟಿಯಲ್ಲಿ ನೀರನ್ನು ಕ್ರಮ ತಪ್ಪದೆ ಭಾಗಶಃ ಬದಲಿಸುತ್ತಿರಲೇಬೇಕು.

ಹಾಗೆಂದು ಸಜೀವ ಸಸ್ಯ ಸರ್ವಗುಣಸಂಪನ್ನವೆಂದು ಭ್ರಮಿಸಲಾಗದು. ಕತ್ತಲೆಯಲ್ಲಿ ಅದೂ ಮೀನಿನಂತೆಯೇ ಆಮ್ಲಜನಕವನ್ನು ಬಳಸುತ್ತದೆ. ರಜೆಯ ದಿನಗಳಲ್ಲಿ ನಡೆದದ್ದು ಇದೇ: ಬೆಳಕಿಲ್ಲದ ಗಿಡ ಕೊಡುವುದನ್ನು ನಿಲ್ಲಿಸಿ ಪಡೆಯುವುದನ್ನು ಮುಂದುವರಿಸಿತು, ಕೊಳೆತ ಎಲೆ ಉಳಿದುದನ್ನೂ ಕಸಿದುಕೊಂಡಿತು. ದಿನಕ್ಕೆ 8ರಿಂದ 10 ಗಂಟೆಯ ಬೆಳಕು ಬೇಕು. ಅತಿಯಾದರೆ ಪಾಚಿ ಕವಿಯುತ್ತದೆ. ಗೋಲ್ಡ್‌ಫಿಷ್ ಮೃದುವಾದ ಎಲೆಗಳನ್ನು ಮೆಲ್ಲುವ ಸ್ವಭಾವದ್ದು. ಕೆರೆಯಿಂದ ತಂದ ಗಿಡದೊಡನೆ ಜಿಗಣೆಯೂ ಬರಬಹುದು. ತೊಟ್ಟಿಯ ಗಿಡವನ್ನು ಕೆರೆಗೆ ಎಸೆಯುವುದಂತೂ ಸರ್ವಥಾ ಸಲ್ಲದು. ಹೂವಿನ ಚೆಲುವಿಗೆ ಮರುಳಾಗಿ ಮಾನವನು ದಕ್ಷಿಣ ಅಮೆರಿಕದಿಂದ ಹೊರತಂದ ನೀರು ಹಯಸಿಂತ್ ನಮ್ಮ ಎಷ್ಟೋ ಕೆರೆಗಳನ್ನು ಮುಚ್ಚಿಹಾಕಿರುವುದು ಕಣ್ಣೆದುರಿಗಿದೆ.

ಪ್ಲಾಸ್ಟಿಕ್ ಗಿಡಕ್ಕೂ ಅದರದೇ ಆದ ಸ್ಥಾನವುಂಟು. ಕಾಯಿಲೆಯ ಮೀನನ್ನು ಪ್ರತ್ಯೇಕವಾಗಿರಿಸಿ ಔಷಧ ಹಾಕುವ ತೊಟ್ಟಿಗೆ ಅದೇ ತಕ್ಕುದು. ತಾಮ್ರಯುಕ್ತ ಔಷಧಗಳು ಸಜೀವ ಸಸ್ಯಕ್ಕೆ ಹಾನಿ ಮಾಡುತ್ತವೆ. ಬೆಳಕು ಸಾಲದ ಕೋಣೆಗೂ ಅದು ಒಗ್ಗುತ್ತದೆ, ಅಂಜುವ ಮೀನಿಗೆ ಮರೆಯಾಗುತ್ತದೆ. ಆದರೆ ಕೊಳ್ಳುವಾಗ ಅದರ ಅಂಚನ್ನು ನವಿರಾದ ಬಟ್ಟೆಯ ಮೇಲೆ ಎಳೆದು ನೋಡಬೇಕು. ಬಟ್ಟೆಗೆ ಸಿಕ್ಕಿಕೊಳ್ಳುವ ಅಂಚು ಮೀನಿನ ರೆಕ್ಕೆಯನ್ನೂ ಹರಿದೀತು. ಬಣ್ಣ ಬಿಡುವುದೋ ಎಂದು ತಿಳಿಯಲು ಒಂದೆರಡು ದಿನ ಬೇರೆ ನೀರಿನಲ್ಲಿ ನೆನೆಯಿಡಬೇಕು. ಪಾಚಿ ಹಿಡಿದಾಗ ಸಾಬೂನು ತಾಗಿಸದೆ ತೊಳೆಯಬೇಕು.

ಇದೆಲ್ಲವನ್ನೂ ತೂಗಿ ನೋಡಿದ ಅಧ್ಯಾಪಕರಿಗೆ ಒಂದು ಸತ್ಯ ಹೊಳೆಯಿತು. ಮೀನುಗಳು ಸತ್ತದ್ದು ಗಿಡದ ದೋಷದಿಂದಲ್ಲ, ನೋಡಿಕೊಳ್ಳುವವರಿಲ್ಲದ್ದರಿಂದ. ಪ್ಲಾಸ್ಟಿಕ್ ಗಿಡವಿದ್ದರೂ ನೀರು ಬದಲಿಸುವ ಕೈ ಬೇಕೇ ಬೇಕು. ಅವರು ಮೀನುಗಳ ಸಂಖ್ಯೆಯನ್ನು ತಗ್ಗಿಸಿದರು. ಮಂದ ಬೆಳಕಿನಲ್ಲೂ ಬಾಳುವ, ಗೋಲ್ಡ್‌ಫಿಷ್ ಸುಲಭವಾಗಿ ತಿನ್ನಲಾರದ ಗಡುಸೆಲೆಯ ಅನೂಬಿಯಾಸ್ ಮತ್ತು ಜಾವಾ ಫರ್ನ್ ಗಿಡಗಳನ್ನು, ಅವುಗಳ ಗೆಡ್ಡೆಕಾಂಡ ಮರಳಿನಲ್ಲಿ ಹೂತುಹೋಗದಂತೆ, ಕಲ್ಲಿಗೆ ಕಟ್ಟಿ ಇಳಿಬಿಟ್ಟರು. ರಜೆಯಲ್ಲಿ ಬಂದು ನೋಡಲು ಊರಿನಲ್ಲೇ ಇರುವ ಹುಡುಗರ ಸರದಿಯನ್ನು ಗೊತ್ತುಮಾಡಿದರು. ಪ್ಲಾಸ್ಟಿಕ್ ಗಿಡದ ಸಲಹೆಯಿತ್ತ ಮಹನೀಯರು ಇದನ್ನು ಕಂಡು, ದೀಪಕ್ಕೂ ಗಾಳಿಯ ಪಂಪಿಗೂ ಆಗುವ ವರ್ಷದ ವೆಚ್ಚವನ್ನು ತಾವೇ ವಹಿಸಿಕೊಂಡರು.

ಒಂದು ಮಧ್ಯಾಹ್ನ ಎಲೆಯಂಚಿನಿಂದ ಮುತ್ತಿನಂಥ ಗುಳ್ಳೆಗಳು ಸಾಲಾಗಿ ಮೇಲೇಳುತ್ತಿದ್ದವು. ಸರದಿಯ ಹುಡುಗನೊಬ್ಬನು, "ಗುರುಗಳೇ, ಗಿಡ ಉಸಿರಾಡುತ್ತಿದೆಯೇ?" ಎಂದು ಕೇಳಿದನು.

"ಉಸಿರಾಟ ಹಗಲಿರುಳೂ ನಡೆದೇ ಇರುತ್ತದೆ ತಮ್ಮಾ. ಈಗ ಅದು ಬಿಸಿಲಿನ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಿದೆ, ಮಿಕ್ಕ ಗಾಳಿಯನ್ನು ಮೀನಿಗೆ ಬಡಿಸುತ್ತಿದೆ" ಎಂದರು ಅಧ್ಯಾಪಕರು.

ಹುಡುಗನು ಗಾಜಿಗೆ ಮೂಗು ತಾಗಿಸಿಕೊಂಡು ಗಂಟೆ ಬಾರಿಸುವವರೆಗೂ ಅಲ್ಲಿಯೇ ನಿಂತಿದ್ದನು.